ನಮ್ಮದು ನವಿಲು ಅರೆಯುವ ಗಿರಣಿಯಲ್ಲ

ಮಾನ್ಯ ಪರವಾನಗಿ ಅಧಿಕಾರಿಗಳೇ,

ತಾವು ಬೀಗ ಜಡಿಸಿ, ಅರಗಿನ ಮುದ್ರೆ ಒತ್ತಿಸಿ ಹೋದ ನಮ್ಮ ಹಂಡೆಯೊಳಗೆ ನವಿಲು ಇಲ್ಲ. ಒಂದೂ ಇಲ್ಲ. ಇರುವುದು ಮುನ್ನೂರು ಕಿಲೋ ಕೋಳಿಪುಕ್ಕ. ಅದೂ ಅರ್ಧ ಬೆಂದದ್ದು, ಬೆಂದು ಎಪ್ಪತ್ತೊಂದು ದಿನವಾದದ್ದು. ಈ ಸಂಗತಿಯನ್ನು ನಾಲ್ಕು ಸಲ ಅರ್ಜಿ ಬರೆದು, ಮೂರು ಸಲ ಖುದ್ದಾಗಿ ಬಂದು ತಮ್ಮ ಕಚೇರಿಗೆ ತಿಳಿಸಿದ್ದಾಯಿತು. ಮೂಗೆಂಬುದಿರುವ ಯಾರೇ ಆಗಲಿ ಆ ಹಂಡೆಯ ಪಕ್ಕ ಎರಡು ನಿಮಿಷ ನಿಂತರೆ ಒಳಗಿರುವುದು ಏನೆಂದು ಬರೆದುಕೊಡುತ್ತಾರೆ. ಆದರೆ ತಮ್ಮ ಕಚೇರಿಗೆ ಮೂಗಿನಿಂದಲೋ ಕಣ್ಣಿನಿಂದಲೋ ಏನನ್ನಾದರೂ ತಿಳಿದುಕೊಳ್ಳುವ ಅಭ್ಯಾಸವಿಲ್ಲ. ಅದಕ್ಕೆ ಏನು ತಿಳಿಯುವುದಿದ್ದರೂ ಫೈಲಿನಿಂದಲೇ ತಿಳಿಯಬೇಕು. ಫೈಲಿನಲ್ಲಿ ನವಿಲು ಇದೆ. ಆದ್ದರಿಂದ ಇನ್ನು ಕಚೇರಿಯ ಕಿವಿಯಲ್ಲಿ ಪಿಸುಗುಟ್ಟಿ ಪ್ರಯೋಜನವಿಲ್ಲವೆಂದು, ಊರಿಗೆಲ್ಲ ಕೇಳಲಿ ಎಂದೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ತಮ್ಮ ದಾಖಲೆಯಲ್ಲಿ ನಾನು ಬರೀ ಎರಡನೇ ಆರೋಪಿ. ಊತ್ತುಪಾರೈಯ ಕಲ್ಲುಗುಂಡಿ ಬೀದಿಯವನು. ಇಪ್ಪತ್ತೆಂಟು ವರ್ಷ ಟ್ಯಾಂಕರ್ ಲಾರಿಗಳಿಗೆ ಬೆಸುಗೆ ಹಾಕಿದ್ದೇನೆ. ದೇಶದ ಮೂಲೆಮೂಲೆಗೆ ಗ್ಯಾಸ್ ಹೊತ್ತು ಓಡುವ ಟ್ಯಾಂಕರುಗಳವು. ನನ್ನ ಬೆಸುಗೆಯಲ್ಲಿ ಇವತ್ತಿನವರೆಗೆ ಒಂದು ಉಸಿರಿನಷ್ಟು ಗ್ಯಾಸೂ ಸೋರಿಲ್ಲ. ತಮ್ಮ ಕಚೇರಿಯ ಸೂರು ಸೋರುವುದನ್ನು ಕಂಡು, ಕೈ ತುರಿಸಿದರೂ ಸುಮ್ಮನೆ ಕೂತು ಬಂದವನು ನಾನು. ಮೊದಲನೇ ಆರೋಪಿ ಪಳನಾತ್ತಾಳಕ್ಕ. ನನ್ನ ಮನೆಯಿಂದ ಮೂರನೇ ಮನೆ, ವಯಸ್ಸು ಅರವತ್ತೆರಡು. ನಲವತ್ತು ವರ್ಷದಿಂದ ಊರಿನ ಕೋಳಿ ಅಂಗಡಿಗಳಲ್ಲಿ ಪುಕ್ಕ ಕೀಳುವ ಕೆಲಸ ಅವಳದು. ಬಿಸಿನೀರಲ್ಲಿ ಅದ್ದಿದ ಕೋಳಿಯನ್ನು ಕೈಗೆ ಕೊಟ್ಟರೆ, ಒಬ್ಬರು ಒಂದು ಸಹಿ ಹಾಕುವಷ್ಟರಲ್ಲಿ ಬೋಳಿಸಿ ಮುಂದಿಡುತ್ತಾಳೆ. ನಾನು ಹೇಳುತ್ತಿರುವುದು ಸಾಮಾನ್ಯ ಜನರ ಸಹಿಯ ಮಾತು. ತಮ್ಮ ಸಹಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಊರಿಗೇ ಗೊತ್ತಿದೆ.

ನಮ್ಮೂರಲ್ಲಿ ನಲವತ್ತೆರಡು ಕೋಳಿ ಅಂಗಡಿಗಳಿವೆ. ಮೊಟ್ಟೆ ಮುಗಿದ ಕೋಳಿಗಳನ್ನು ಸುತ್ತಲಿನ ಫಾರಂಗಳಿಂದ ತಂದು ಶುದ್ಧ ಮಾಡಿ ಹೊರಗೆ ಕಳಿಸುವ ಶೆಡ್ಡುಗಳು ಬೇರೆ. ಮಾಂಸವನ್ನು ಜನ ತಿನ್ನುತ್ತಾರೆ. ತಲೆ, ಕಾಲು, ಕರುಳು ಮೀನು ಸಾಕುವವರ ಪಾಲು. ಪುಕ್ಕ ಯಾರಿಗೂ ಬೇಡ. ನಾಯಿ ಮೂಸುವುದಿಲ್ಲ. ಸುಟ್ಟರೆ ಊರು ಬಿಟ್ಟು ಓಡಬೇಕು, ಹೂತರೆ ವರ್ಷವಾದರೂ ಹೂತ ಹಾಗೇ ಇರುತ್ತದೆ. ಹೀಗಾಗಿ ದಿನವೂ ಚೀಲಗಟ್ಟಲೆ ಪುಕ್ಕ ಕಲ್ಲು ಒಡೆದು ಬಿಟ್ಟ ಹಳೆಯ ಗುಂಡಿಗೆ ಬಂದು ಬೀಳುತ್ತಿತ್ತು. ಊರಿಗೆ ನಾಲ್ಕು ದಿಕ್ಕಿದ್ದರೂ ಆ ಚೀಲಗಳಿಗೆ ಗೊತ್ತಿದ್ದದ್ದು ನಮ್ಮ ಬೀದಿಯ ದಿಕ್ಕೊಂದೇ. ಅದು ಯಾಕೆ ಹಾಗೆ ಎಂದು ಇದುವರೆಗೆ ಯಾವ ಅಧಿಕಾರಿಯೂ ಕೇಳಿಲ್ಲ. ಗೊತ್ತಿದ್ದದ್ದನ್ನು ಯಾರು ತಾನೇ ಕೇಳುತ್ತಾರೆ? ಗುಂಡಿಯಿಂದ ಅರವತ್ತು ಅಡಿ ದೂರದಲ್ಲಿ ನಮ್ಮ ಬಾವಿ. ಹೊಸದಾಗಿ ಮದುವೆಯಾಗಿ ನಮ್ಮ ಬೀದಿಗೆ ಬರುವ ಹೆಣ್ಣುಮಗಳು ಮೊದಲು ಕಲಿಯುವುದು ಅತ್ತೆಯ ಅಡುಗೆಯನ್ನಲ್ಲ, ಕೊಡದ ಬಾಯಿಗೆ ಹಳೆಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟುವುದನ್ನು. ಹಾಗೆ ಕಟ್ಟಿದರೆ ಪುಕ್ಕ ನಿಲ್ಲುತ್ತದೆ, ನಾತ ನಿಲ್ಲುವುದಿಲ್ಲ.

ಎರಡು ವರ್ಷದ ಹಿಂದೆ ಪಶುವೈದ್ಯ ಕಾಲೇಜಿನ ಮೇಡಂ ಒಬ್ಬರು ನಮ್ಮ ಬೀದಿಯ ಮಹಿಳಾ ಸಂಘಕ್ಕೆ ಬಂದಿದ್ದರು. ಕೈ ತೊಳೆಯುವ ಬಗ್ಗೆ ಭಾಷಣ ಮಾಡಲು ಬಂದವರು, ತೊಳೆಯಲು ಕೊಟ್ಟ ನೀರು ನೋಡಿ ಭಾಷಣ ಬಿಟ್ಟು ಪುಕ್ಕದ ಮಾತೆತ್ತಿದರು. ನೂರು ಕಿಲೋ ಒಣಪುಕ್ಕದಲ್ಲಿ ಎಂಬತ್ತೈದು ಕಿಲೋಗೂ ಮೇಲೆ ಪ್ರೋಟೀನೇ ಇದೆ ಎಂದರು. ಪಳನಾತ್ತಾಳಕ್ಕ ಇಷ್ಟು ವರ್ಷ ತಾನು ಎಸೆದದ್ದು ಬೇಳೆಯಾ ಎಂದು ಕೇಳಿದಳು. ಬೇಳೆಯೇ, ಆದರೆ ಬೀಗ ಹಾಕಿಕೊಂಡ ಬೇಳೆ, ಹಾಗೇ ತಿನ್ನಿಸಿದರೆ ಯಾವ ಪ್ರಾಣಿಯ ಹೊಟ್ಟೆಯಲ್ಲೂ ಕರಗುವುದಿಲ್ಲ, ಗಟ್ಟಿ ಹಂಡೆಯಲ್ಲಿ ಒತ್ತಡದ ಆವಿ ಕೊಟ್ಟು ಬೇಯಿಸಿದರೆ ಆ ಬೀಗ ತೆರೆಯುತ್ತದೆ, ಆಮೇಲೆ ಒಣಗಿಸಿ ಅರೆದರೆ ಮೀನಿಗೂ ಕೋಳಿಗೂ ಮೇವಿನಲ್ಲಿ ಬೆರೆಸಬಹುದು ಎಂದು ಮೇಡಂ ಬಿಡಿಸಿ ಹೇಳಿದರು. ಒತ್ತಡ ತಡೆಯುವ ಅಂಥ ಹಂಡೆ ಎಲ್ಲಿ ಸಿಗುತ್ತದೆ ಎಂದು ಅಕ್ಕ ಕೇಳಿದಾಗ ಮೇಡಂ ಯಾವುದೋ ದೂರದ ಕಂಪನಿಯ ಹೆಸರು ಹೇಳತೊಡಗಿದರು. ಅಕ್ಕ ಅವರ ಮಾತು ಮುಗಿಯಲು ಬಿಡದೆ, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ ನೋಡಿದಳು. ಆ ನೋಟಕ್ಕೆ ಇಲ್ಲ ಎನ್ನುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ.

ಗುಜರಿಗೆ ಹೋಗಬೇಕಿದ್ದ ಹಳೆಯ ಟ್ಯಾಂಕರಿನ ಹೊಟ್ಟೆಯನ್ನು ಕೊಯ್ದು ಹಂಡೆ ಮಾಡಿದೆ. ಒತ್ತಡ ತೋರಿಸುವ ಮೀಟರು, ಹೆಚ್ಚಾದರೆ ತಾನೇ ಬಿಟ್ಟುಕೊಳ್ಳುವ ಸೀಟಿ, ಒಳಗೆ ತಿರುಗುವ ರೆಕ್ಕೆ, ಎಲ್ಲ ಇಟ್ಟೆ. ನೀರು ತುಂಬಿಸಿ ಮೂರು ಪಟ್ಟು ಒತ್ತಡ ಕೊಟ್ಟು ನೋಡಿದೆ, ಮಿಸುಕಲಿಲ್ಲ. ಆ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಟ್ಟ ಎಂಜಿನಿಯರರ ಕಾಗದವೂ ತಮ್ಮ ಫೈಲಿನಲ್ಲೇ ಇದೆ, ನವಿಲಿನ ಕೆಳಗೆ ಎಲ್ಲೋ ಸಿಕ್ಕಿಕೊಂಡಿರಬೇಕು. ಕಚೇರಿಯಿಂದ ಮೂರು ತಿಂಗಳು ಪ್ರಯೋಗಕ್ಕೆಂದು ನಡೆಸಲು ಒಪ್ಪಿಗೆ ಸಿಕ್ಕಿತು. ಒಂಬತ್ತು ಹೆಂಗಸರು ಪಾಳಿಯಲ್ಲಿ ನಿಂತರು. ಬೆಳಿಗ್ಗೆ ಅಂಗಡಿಗಳಿಂದ ಪುಕ್ಕ ತಂದು, ತೊಳೆದು, ಹಂಡೆಗೆ ತುಂಬಿ ಮುಚ್ಚಳ ಬಿಗಿದರೆ ಒಂದು ಗಂಟೆಯಲ್ಲಿ ಕೆಲಸ ಆಗಿಹೋಗುತ್ತಿತ್ತು. ಮನೆಯೆತ್ತರ ಇದ್ದ ಪುಕ್ಕದ ರಾಶಿ ಕಂದುಬಣ್ಣದ ಮುದ್ದೆಯಾಗಿ ತಳ ಸೇರುತ್ತಿತ್ತು. ಮೊದಲ ದಿನ ಮುಚ್ಚಳ ತೆಗೆದಾಗ ಎಲ್ಲ ಆವಿಯಾಗಿ ಹೋಯಿತೆಂದು ಹೆಂಗಸರು ನನ್ನನ್ನೇ ಬೈದರು. ಆಮೇಲೆ ಬಂಡೆಯ ಮೇಲೆ ಒಣಗಿಸಿ, ಅರೆದು, ಚೀಲ ಕಟ್ಟಿದೆವು. ಮೇಡಂ ಪರೀಕ್ಷೆ ಮಾಡಿಸಿ, ಪ್ರೋಟೀನಿನ ಮುಕ್ಕಾಲು ಪಾಲು ಹೊಟ್ಟೆಗೆ ಸೇರುವಂಥದ್ದು ಎಂದು ಬರೆದುಕೊಟ್ಟರು. ಕೆರೆಯಲ್ಲಿ ಮೀನು ಸಾಕುವವರು ಮನೆ ಬಾಗಿಲಿಗೇ ಬಂದು ಒಯ್ದರು.

ಆದರೆ ನಮ್ಮ ಬೀದಿಗೆ ಅದೆಲ್ಲ ದೊಡ್ಡದಾಗಿ ಕಾಣಲಿಲ್ಲ. ದೊಡ್ಡದಾಗಿ ಕಂಡದ್ದು ಬಾವಿ. ಗುಂಡಿಗೆ ಬೀಳುವ ಚೀಲ ನಿಂತಿತು, ಇದ್ದ ಹಳೆಯದನ್ನೂ ಎತ್ತಿ ಹಸನು ಮಾಡಿದೆವು. ಎರಡು ಮಳೆ ಬಂದು ಹೋದವು, ಬಾವಿಯನ್ನು ಎರಡು ಸಲ ಬಗ್ಗಡ ತೆಗೆದು ಬತ್ತಿಸಿದೆವು. ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಪಳನಾತ್ತಾಳಕ್ಕ ಕೊಡಕ್ಕೆ ಬಟ್ಟೆ ಕಟ್ಟದೆ ನೀರು ಸೇದಿದಳು. ಬೊಗಸೆಯಲ್ಲಿ ತೆಗೆದುಕೊಂಡು ಮೂಸಿ ನೋಡಿ, ಕುಡಿದು, ಮನೆಗೆ ಹೋಗಿ ಆ ನೀರಿನಲ್ಲೇ ಸಜ್ಜೆ ಅಂಬಲಿ ಕಾಯಿಸಿ ಬೀದಿಗೆಲ್ಲ ಹಂಚಿದಳು. ನಾನು ಎರಡು ಲೋಟ ಕುಡಿದೆ. ನಲವತ್ತೊಂಬತ್ತು ವರ್ಷ ಆ ಬೀದಿಯಲ್ಲಿ ಬದುಕಿದ ನನಗೆ ನಮ್ಮ ಬಾವಿಯ ನೀರಿನ ರುಚಿ ಹೇಗಿರುತ್ತದೆಂದು ಗೊತ್ತಾದದ್ದು ಆವತ್ತು.

ಈಗ ನವಿಲಿನ ಕಥೆಗೆ ಬರುತ್ತೇನೆ. ಪ್ರಯೋಗದ ಅವಧಿ ಮುಗಿಯುವ ಮೊದಲೇ ಕಾಯಂ ಪರವಾನಗಿಗೆ ಅರ್ಜಿ ಹಾಕಬೇಕೆಂದು ಅಕ್ಕನೂ ನಾನೂ ಕಚೇರಿಗೆ ಬಂದೆವು. ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆಯುವವರು ಕೂತಿರುತ್ತಾರಲ್ಲ, ಅವರಲ್ಲೊಬ್ಬರ ಹತ್ತಿರ ಅಕ್ಕ ಹೇಳಿ ಬರೆಸಿದಳು. ನಮ್ಮ ಜನ ಕೋಳಿಯ ಪುಕ್ಕಕ್ಕೆ ಏನೆನ್ನುತ್ತಾರೆಂದು ತಮಗೆ ಗೊತ್ತಿಲ್ಲದ್ದೇನಲ್ಲ. ಓದುವ ಹೊರಗಿನವರಿಗೂ ತಿಳಿಯಲೆಂದು ಹೇಳುತ್ತೇನೆ. ತಲೆಗೂದಲಾಗಲಿ, ಆಡಿನ ರೋಮವಾಗಲಿ, ಕೋಳಿಯ ಪುಕ್ಕವಾಗಲಿ, ನಮ್ಮ ತಮಿಳಿನಲ್ಲಿ ಹಳಬರ ಬಾಯಲ್ಲಿ ಎಲ್ಲದಕ್ಕೂ ಒಂದೇ ಮಾತು, ಮಯಿರ್. ಹಳೆಯ ಮಾತು, ತಪ್ಪಿಲ್ಲದ ಮಾತು. ಆದರೆ ಅದೇ ಮಾತನ್ನು ಸಿಟ್ಟಿನಲ್ಲಿ ಇನ್ನೊಬ್ಬರ ಮುಖಕ್ಕೆ ಎಸೆದರೆ ದೊಡ್ಡ ಬೈಗುಳ. ಹಾಗಾಗಿ ಓದಿದವರ ಮನೆಯಲ್ಲಿ ಆ ಮಾತಿಗೆ ಪ್ರವೇಶವಿಲ್ಲ. ಅಕ್ಕ ಓದಿದವಳಲ್ಲ. ನಲವತ್ತು ವರ್ಷ ಕಿತ್ತ ವಸ್ತುವಿಗೆ ಅದರ ಹೆಸರಿಟ್ಟೇ ಬರೆಸಿದಳು. ‘ಕೋಳಿ ಮಯಿರ್ ಬೇಯಿಸಿ ಅರೆಯುವ ಗಿರಣಿಗೆ ಪರವಾನಗಿ ಕೋರಿ.’

ಅರ್ಜಿ ಒಳಗೆ ಹೋಯಿತು. ಒಳಗೆ ತಮ್ಮ ಗುಮಾಸ್ತರೊಬ್ಬರು ಕೂತಿದ್ದರು. ಸಭ್ಯರು, ಹಣೆಗೆ ವಿಭೂತಿ ಇಟ್ಟವರು, ಕಚೇರಿಯಲ್ಲಿ ಇದುವರೆಗೆ ಯಾರನ್ನೂ ಏಕವಚನದಲ್ಲಿ ಮಾತಾಡಿಸದವರು. ಫೈಲಿನ ಮೇಲೆ ವಿಷಯ ಬರೆಯಬೇಕಾದಾಗ ಅವರ ಕೈ ತಡೆಯಿತು. ಇಂಥ ಮಾತನ್ನು ಸಾಹೇಬರ ಮುಂದಿಡುವುದು ಹೇಗೆ? ಯಾರೂ ಇಷ್ಟು ಒರಟಾಗಿ ಬರೆಯಲಾರರು, ಇದು ಕೈತಪ್ಪೇ ಇರಬೇಕೆಂದು ತೀರ್ಮಾನಿಸಿ, ಕೊನೆಯ ಒಂದೇ ಒಂದು ಅಕ್ಷರವನ್ನು ಮರ್ಯಾದೆಯಿಂದ ತಿದ್ದಿದರು. ಮಯಿರ್ ಹೋಗಿ ಮಯಿಲ್ ಆಯಿತು. ಮಯಿಲ್ ಎಂದರೆ ನವಿಲು. ತಿದ್ದಿದ ಮೇಲೆ ಓದಿ ನೋಡಿದಾಗ ‘ಕೋಳಿ ಮಯಿಲ್’ ಎಂಬುದು ಅವರಿಗೇ ಸರಿಕಾಣಲಿಲ್ಲವಂತೆ. ವ್ಯಾಕರಣ ಬಲ್ಲವರು, ನಡುವೆ ಒಂದು ಅಲ್ಪವಿರಾಮವನ್ನೂ ಹಾಕಿದರು. ಹೀಗೆ ತಮ್ಮ ಮೇಜಿಗೆ ಬಂದ ಫೈಲಿನ ಹೆಸರು ‘ಕೋಳಿ, ನವಿಲು ಬೇಯಿಸಿ ಅರೆಯುವ ಗಿರಣಿಗೆ ಪರವಾನಗಿ ಕೋರಿ’ ಎಂದಾಯಿತು. ಆ ಫೈಲು ತಮ್ಮ ಕಚೇರಿಯಲ್ಲಿ ಐದು ಮೇಜು ದಾಟಿದೆ. ಐದು ಜನರೂ ನೋಡಿದೆ ಎಂದು ಸಹಿ ಮಾಡಿದ್ದಾರೆ. ಆ ಐವರಲ್ಲಿ ತಾವೂ ಒಬ್ಬರು. ಒಬ್ಬ ಹೆಂಗಸು ರಾಷ್ಟ್ರಪಕ್ಷಿಯನ್ನು ಅರೆಯುವುದಕ್ಕೆ ಸರಕಾರದ ಅನುಮತಿ ಕೇಳಿ, ಅರ್ಜಿಯ ಜೊತೆ ಎರಡು ಫೋಟೋ ಲಗತ್ತಿಸಿ, ವಿನಯದಿಂದ ಸಾಲಿನಲ್ಲಿ ನಿಂತಿದ್ದಾಳೆಂದರೆ, ಇದೇನೋ ವಿಚಿತ್ರವಾಗಿದೆ ಎಂದು ಐವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲವೇ? ಆರನೇ ಮೇಜಿನವರು ಮಾತ್ರ ಓದಿದರು. ಓದಿ, ನಮ್ಮನ್ನು ಒಂದು ಮಾತೂ ಕೇಳದೆ, ಅರಣ್ಯ ಇಲಾಖೆಗೆ ಕಳಿಸಿಕೊಟ್ಟರು.

ಮಾರನೆಯ ವಾರ ಎರಡು ಜೀಪು ಬಂದವು, ಒಂದು ಕಾಡಿನವರದು, ಒಂದು ತಮ್ಮ ಕಚೇರಿಯದು. ಹಂಡೆ ಅರ್ಧ ಬೆಂದಿತ್ತು. ಇನ್ನರ್ಧ ಗಂಟೆ ಬಿಡಿ, ಇಳಿಸಿಬಿಡುತ್ತೇವೆ ಎಂದು ಅಕ್ಕ ಕೈಮುಗಿದು ಕೇಳಿಕೊಂಡಳು. ಸಾಕ್ಷ್ಯ ನಾಶ ಮಾಡುವ ಪ್ರಯತ್ನ ಎಂದು ಬರೆದುಕೊಂಡರು. ಒಲೆ ಆರಿಸಿ, ಮುಚ್ಚಳಕ್ಕೆ ಸರಪಳಿ ಸುತ್ತಿ, ತಮ್ಮ ಕಚೇರಿಯ ಬೀಗವನ್ನೂ ತಮ್ಮ ಮುದ್ರೆಯನ್ನೂ ಹಾಕಿದರು. ಒಳಗೇನಿದೆ ಎಂದು ತೆರೆದು ನೋಡಿ ಸ್ವಾಮಿ, ಒಂದು ಸಲ ನೋಡಿ ಎಂದು ನಾನು ಗೋಗರೆದೆ. ಸಾಕ್ಷ್ಯವನ್ನು ತೆರೆಯುವ ಅಧಿಕಾರ ತಮಗಿಲ್ಲ, ಮುಚ್ಚುವ ಅಧಿಕಾರ ಮಾತ್ರ ಇದೆ ಎಂದರು. ಆಮೇಲೆ ಮನೆಮನೆ ಹುಡುಕಿದರು. ಅಕ್ಕನ ಮನೆಯ ದೇವರ ಮೂಲೆಯಲ್ಲಿ ನವಿಲುಗರಿ ಸಿಕ್ಕಿತು. ಸಿಗದೆ ಇನ್ನೇನು? ಹೆಸರಲ್ಲೇ ಮುರುಗನ ಪಳನಿಯನ್ನು ಇಟ್ಟುಕೊಂಡವಳು. ಇಪ್ಪತ್ತಾರು ವರ್ಷದಿಂದ ಪ್ರತಿ ತೈಪೂಸದ ಹಬ್ಬಕ್ಕೆ ಬರಿಗಾಲಲ್ಲಿ ಪಳನಿಗೆ ನಡೆದು ಹೋಗಿ ಕಾವಡಿ ಹೊರುವವಳು. ಆ ಕಾವಡಿಯ ಎರಡು ಕೊನೆಗೂ ಕಟ್ಟಿದ ಗರಿಗಳು ಹೊಲದಲ್ಲಿ ಉದುರಿದವು, ಅವಳೇ ಒಂದೊಂದಾಗಿ ಆರಿಸಿ ತಂದವು. ಅವನ್ನು ಎಣಿಸಿ, ಕಟ್ಟಿ, ಚೀಟಿ ಅಂಟಿಸಿ ಒಯ್ದರು. ಮುರುಗನ ವಾಹನವನ್ನು ಅರೆದು ಮೀನಿಗೆ ಹಾಕುವ ಹೆಂಗಸು ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿಯಾಯಿತು. ಆವತ್ತಿನವರೆಗೆ ನಮ್ಮ ಬೀದಿ ಇರುವುದೇ ಗೊತ್ತಿಲ್ಲದ ಹಾಗಿದ್ದ ಭಕ್ತರೆಲ್ಲ ಬೀದಿಯ ಬಾಯಿಗೆ ಬಂದು ಕರ್ಪೂರ ಹಚ್ಚಿ ಶಾಪ ಹಾಕಿ ಹೋದರು. ಅಕ್ಕ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಳು. ನಲವತ್ತು ವರ್ಷದಲ್ಲಿ ಅವಳು ಅಳುವುದನ್ನು ನಾನು ನೋಡಿದ್ದು ಆವತ್ತು ಮಾತ್ರ.

ಮೂರನೇ ದಿನ ನಾವು ಕಚೇರಿಗೆ ಬಂದೆವು. ಗುಮಾಸ್ತರೇ ಎದುರು ಸಿಕ್ಕಿದರು. ಅಕ್ಕ ನೇರವಾಗಿ ಕೇಳಿದಳು.

"ಯಾಕೆ ತಂಬಿ, ನಾನು ಹೇಳಿದ್ದೊಂದು, ನೀವು ಬರೆದದ್ದೊಂದು?"

ಪಾಪ, ಆ ಮನುಷ್ಯನಿಗೆ ಮುಖ ಎತ್ತಲಾಗಲಿಲ್ಲ. "ಅಮ್ಮಾ, ಆ ಮಾತು ಬರೆಯೋಕೆ ನನಗೆ ಕೈಯೇ ಬರಲಿಲ್ಲ. ಹತ್ತು ಜನ ಓದೋ ಫೈಲು. ಏನೋ ಮರ್ಯಾದೆಯಾಗಿರಲಿ ಅಂತ..."

"ನಿಮ್ಮ ಮರ್ಯಾದೆ ಉಳೀತಲ್ಲ, ಅಷ್ಟು ಸಾಕು ಬಿಡಿ," ಎಂದಳು ಅಕ್ಕ.

ತಪ್ಪು ಯಾರದೆಂದು ತಿಳಿಯಿತು, ತಪ್ಪು ಮಾಡಿದವರೇ ಒಪ್ಪಿಕೊಂಡರು. ಇನ್ನು ತಿದ್ದುವುದೊಂದೇ ಬಾಕಿ ಎಂದು ನಾನು ಮೂರ್ಖ, ನಂಬಿದೆ. ತಮ್ಮ ಕೋಣೆಗೆ ಬಂದಾಗ ತಾವು ಚಹಾ ಕುಡಿಯುತ್ತಾ ವಿವರಿಸಿದ್ದು ನೆನಪಿದೆಯೇ? ಫೈಲಿನ ಹೆಸರು ಬದಲಿಸಬೇಕಾದರೆ ಹೊಸ ಅರ್ಜಿ ಹಾಕಬೇಕು. ಹಳೆಯ ಅರ್ಜಿಯ ಮೇಲೆ ಮೊಕದ್ದಮೆ ಇರುವಾಗ ಹೊಸದನ್ನು ತೆಗೆದುಕೊಳ್ಳುವಂತಿಲ್ಲ. ಮೊಕದ್ದಮೆ ಕೈಬಿಡಬೇಕಾದರೆ ನವಿಲು ಅರೆದಿಲ್ಲವೆಂದು ಸಾಬೀತಾಗಬೇಕು. ಸಾಬೀತಾಗಬೇಕಾದರೆ ಹಂಡೆ ತೆರೆಯಬೇಕು. ಹಂಡೆ ತೆರೆಯಬೇಕಾದರೆ ಪರವಾನಗಿ ಬೇಕು. ಪರವಾನಗಿ ಬೇಕಾದರೆ ಹೊಸ ಅರ್ಜಿ ಹಾಕಬೇಕು. ನಾನು ತಿರುಗುವ ಯಂತ್ರಗಳನ್ನು ಬಹಳ ಮಾಡಿದ್ದೇನೆ, ಇಷ್ಟು ನುಣ್ಣಗೆ ತಿರುಗುವುದನ್ನು ಮಾಡಲು ನನ್ನಿಂದಾಗಿಲ್ಲ. ನೀವೇ ಒಂದು ಗೆರೆ ಎಳೆದು ತಿದ್ದಿಬಿಡಿ ಎಂದು ಕೇಳಿದ್ದಕ್ಕೆ ತಾವು, ಆ ಮಾತನ್ನು ನನ್ನ ಕೈಯಿಂದ ಬರೆಯಬೇಕೇ, ಮೇಲಿನವರು ನೋಡಿದರೆ ಏನೆಂದುಕೊಂಡಾರು, ಎಂದಿರಿ. ಹಾಗಾದರೆ ‘ಪುಕ್ಕ’ ಎಂಬರ್ಥದ ಬೇರೆ ಒಳ್ಳೆಯ ಮಾತು ಹಾಕಿ ಎಂದೆ. ಅರ್ಜಿದಾರರು ಬಳಸದ ಮಾತನ್ನು ಕಚೇರಿ ತನ್ನಷ್ಟಕ್ಕೆ ಸೇರಿಸುವಂತಿಲ್ಲ ಎಂದಿರಿ. ಸೇರಿಸಿದ ನವಿಲು ಮಾತ್ರ ಫೈಲಿನಲ್ಲಿ ಗರಿ ಬಿಚ್ಚಿ ಕುಣಿಯುತ್ತಿತ್ತು.

ನಡುವೆ ಕಾಡಿನವರು ನವಿಲು ಎಣಿಸಿದರು, ಅದನ್ನೂ ಹೇಳಲೇಬೇಕು. ನಮ್ಮೂರ ಸುತ್ತ ನವಿಲು ಕಡಿಮೆಯಾಗಿದ್ದರೆ ನಾವು ಅರೆದದ್ದು ನಿಜ, ಆಗಿಲ್ಲದಿದ್ದರೆ ಸುಳ್ಳು ಎಂದು ತೀರ್ಮಾನವಾಯಿತಂತೆ. ನಾಲ್ಕು ದಿನ ಎಣಿಸಿದರು. ನಮ್ಮ ಕಡೆ ನವಿಲಿಗೆ ಬರವೇ? ಶೇಂಗಾ ಬಿತ್ತಿದವರನ್ನು ಕೇಳಿ, ಟೊಮೇಟೊ ಹಾಕಿದವರನ್ನು ಕೇಳಿ, ಬಾಯಿತುಂಬ ಹೇಳುತ್ತಾರೆ. ಹೋದ ಸಲದ ಲೆಕ್ಕಕ್ಕಿಂತ ಅರವತ್ಮೂರು ಹೆಚ್ಚೇ ಸಿಕ್ಕವು. ಅಬ್ಬಾ, ಬದುಕಿದೆವು ಎಂದುಕೊಂಡೆ. ವರದಿ ಬಂತು. ‘ಹೆಚ್ಚುವರಿ ನವಿಲುಗಳು ಕಂಡುಬಂದಿದ್ದು, ಅರೆಯುವ ಉದ್ದೇಶಕ್ಕಾಗಿ ಹೊರಗಿನಿಂದ ಆಕರ್ಷಿಸಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.’ ಇದನ್ನು ಬರೆದ ಕೈಗೆ ಬಂಗಾರದ ಬಳೆ ತೊಡಿಸಬೇಕು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ನಾವು ಬಹಳ ನಕ್ಕಿದ್ದೇವೆ, ನಮ್ಮ ಬೀದಿಯಲ್ಲಿ ನಗುವುದಕ್ಕೆ ಪರವಾನಗಿ ಬೇಕಿಲ್ಲ. ಆದರೆ ಹಂಡೆ ನಿಂತ ಮಾರನೆಯ ದಿನದಿಂದಲೇ ಚೀಲಗಳು ಹಳೆಯ ದಾರಿ ಹಿಡಿದವು. ಅಂಗಡಿಯವರದು ತಪ್ಪೆಂದು ನಾನು ಹೇಳಲಾರೆ, ದಿನಕ್ಕೆ ಅಷ್ಟು ಪುಕ್ಕವನ್ನು ಅವರು ತಾನೇ ಎಲ್ಲಿಡಬೇಕು? ಗುಂಡಿ ತುಂಬಿತು. ಐದನೇ ವಾರಕ್ಕೆ ಬಾವಿ ನೀರು ಹಳದಿಯಾಯಿತು. ಈಗ ಅದನ್ನು ದನವೂ ಮೂಸುತ್ತಿಲ್ಲ. ಮೊದಲೆಲ್ಲ ಹೀಗಾದಾಗ ಎರಡು ದಿನಕ್ಕೊಮ್ಮೆ ನೀರಿನ ಟ್ಯಾಂಕರು ಬರುತ್ತಿತ್ತು. ಈಗ ಬರುವುದಿಲ್ಲ. ಏಕೆ ಗೊತ್ತೇ? ನಮ್ಮ ಒಳ್ಳೆಯ ದಿನಗಳಲ್ಲಿ, ಅಕ್ಕ ಅಂಬಲಿ ಹಂಚಿದ ಅದೇ ತಿಂಗಳಲ್ಲಿ, ಆರೋಗ್ಯದವರು ಬಂದು ಬಾವಿ ನೀರು ಪರೀಕ್ಷಿಸಿ ‘ಕುಡಿಯಲು ಯೋಗ್ಯ’ ಎಂದು ಬರೆದುಕೊಂಡು ಹೋದರು. ಆ ಕಾಗದ ಒಂದು ವರ್ಷಕ್ಕೆ ಊರ್ಜಿತವಂತೆ. ಯೋಗ್ಯ ನೀರಿರುವ ಬೀದಿಗೆ ಟ್ಯಾಂಕರು ಕೊಡುವಂತಿಲ್ಲ. ಹೀಗೆ ನಾವು ಬಾವಿಯನ್ನು ಗುಣ ಮಾಡಿಕೊಂಡದ್ದೇ ನಮಗೆ ಮುಳುವಾಯಿತು. ಟ್ಯಾಂಕರು ಕಟ್ಟುವವನ ಬೀದಿಗೆ ಟ್ಯಾಂಕರು ಬರುವುದಿಲ್ಲ. ನಮ್ಮ ಹೆಂಗಸರು ದೊಡ್ಡ ರಸ್ತೆಯ ಪೆಟ್ರೋಲ್ ಬಂಕಿನ ನಲ್ಲಿಗೆ ದಿನಕ್ಕೆ ನಾಲ್ಕು ಸಲ ಕೊಡ ಹೊತ್ತು ನಡೆಯುತ್ತಿದ್ದಾರೆ. ಹೋದ ವಾರ ಅಕ್ಕ ಆ ರಸ್ತೆ ದಾಟುವಾಗ ಬಿದ್ದಳು. ಲಾರಿಯವನು ಬ್ರೇಕು ಹಾಕಿದ್ದರಿಂದ ಅಕ್ಕ ಇದ್ದಾಳೆ, ಮೊಣಕಾಲು ಊದಿದೆ. ಇದು ನಗುವ ವಿಷಯವಲ್ಲ, ನಾನೂ ನಗುತ್ತಿಲ್ಲ.

ಮಾನ್ಯರೇ, ಪುಕ್ಕಕ್ಕಿಂತ ಗಟ್ಟಿಯಾದ ವಸ್ತುವನ್ನು ನಾನು ಕಂಡಿರಲಿಲ್ಲ. ನೆಲಕ್ಕೆ ಕರಗುವುದಿಲ್ಲ, ಹೊಟ್ಟೆಗೆ ಕರಗುವುದಿಲ್ಲ. ಆದರೂ ಒಂದು ಗಂಟೆ ಆವಿ ಕೊಟ್ಟರೆ ಮೆತ್ತಗಾಗಿ ಯಾವುದಾದರೂ ಜೀವಕ್ಕೆ ಉಪಯೋಗಕ್ಕೆ ಬರುತ್ತದೆ. ತಮ್ಮ ಕಚೇರಿಗೆ ಎಷ್ಟು ಗಂಟೆ ಆವಿ ಕೊಡಬೇಕು ಹೇಳಿ, ಕಟ್ಟಿಗೆಯ ಖರ್ಚು ನನ್ನದು. ಪಳನಾತ್ತಾಳಕ್ಕ ನಲವತ್ತು ವರ್ಷ ಕಿತ್ತು ಗುಡ್ಡೆ ಹಾಕಿದ್ದು ಕಲ್ಲುಗುಂಡಿಯಲ್ಲಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಆರು ಮೇಜು, ಆರು ಕುರ್ಚಿ, ಆರು ಫ್ಯಾನು ಇಟ್ಟುಕೊಂಡು ತಾವು ಕಿತ್ತು ಗುಡ್ಡೆ ಹಾಕಿರುವುದು ಏನು? ಎಲ್ಲಿದೆ? ಒಂದು ಸಲ ಕರೆದು ತೋರಿಸಿದರೆ ನಾವೂ ನೋಡಿ ಕಣ್ಣು ತಂಪು ಮಾಡಿಕೊಳ್ಳುತ್ತೇವೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಸಹಾಯಧನ ಬೇಡ, ಪ್ರಶಸ್ತಿ ಬೇಡ, ಕ್ಷಮಾಪಣೆಯೂ ಬೇಡ. ಫೈಲಿನ ಮೇಲಿರುವ ಒಂದು ಅಲ್ಪವಿರಾಮ ತೆಗೆಯಬೇಕು, ಒಂದು ಅಕ್ಷರ ತಿದ್ದಬೇಕು, ಹಂಡೆಯ ಬೀಗ ಬಿಚ್ಚಬೇಕು. ಅಲ್ಪವಿರಾಮ ತೆಗೆಯಲು ತಮಗೆ ನಾಚಿಕೆಯಾಗಲಾರದು, ಅದರಲ್ಲಿ ಅಸಭ್ಯವಾದದ್ದೇನೂ ಇಲ್ಲ. ತೊಂದರೆ ಅಕ್ಷರದ್ದು. ಅದರ ಬಗ್ಗೆ ತಾವು ಚಿಂತೆ ಮಾಡಬೇಡಿ, ಆ ಏರ್ಪಾಡು ಆಗಿದೆ.

ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತ ಈ ಎಂಟು ದಿನ ಅಕ್ಕ ಸುಮ್ಮನೆ ಕೂರಲಿಲ್ಲ. ಮೊದಲ ದಿನವೇ ನನ್ನನ್ನು ಕರೆದು, ಅವರು ತಪ್ಪು ಬರೆದರಲ್ಲ, ಅಲ್ಲಿ ಇರಬೇಕಾದ ಅಕ್ಷರ ಯಾವುದು ತೋರಿಸು ಎಂದಳು. ಇದ್ದಿಲಿನಿಂದ ಮನೆಯ ಮುಂದಿನ ಬಂಡೆಯ ಮೇಲೆ ಬರೆದು ತೋರಿಸಿದೆ. ನಮ್ಮ ಲಿಪಿಯಲ್ಲಿ ಅದೇನು ಕಷ್ಟದ್ದಲ್ಲ, ಬಾಗಿಲ ಚೌಕಟ್ಟಿನ ಹಾಗೆ ಮೂರು ಗೆರೆ, ಕೆಳಗೊಂದು ಓರೆ ಬಾಲ, ತಲೆಯ ಮೇಲೊಂ‌ದು ಚುಕ್ಕೆ. ಅಕ್ಕ ಇವತ್ತಿನವರೆಗೆ ಬಳಪ ಹಿಡಿದವಳಲ್ಲ, ತಮ್ಮ ಕಚೇರಿಯ ಅರ್ಜಿಗಳಿಗೆಲ್ಲ ಹೆಬ್ಬೆಟ್ಟು ಒತ್ತಿದವಳು. ನಲವತ್ತು ವರ್ಷ ಬಿಸಿನೀರಲ್ಲಿ ಅದ್ದಿ ಅದ್ದಿ ಅವಳ ಬೆರಳು ಸೊಟ್ಟಗಾಗಿವೆ, ಮೊದಲೆರಡು ದಿನ ಗೆರೆ ನೆಟ್ಟಗೆ ಬರಲಿಲ್ಲ. ಈಗ ಅವಳ ಮನೆಯ ಮುಂದಿನ ಬಂಡೆ, ಕಟ್ಟೆ, ನೀರಿನ ತೊಟ್ಟಿಯ ಗೋಡೆ, ಎಲ್ಲ ಕಡೆ ಆ ಒಂದೇ ಅಕ್ಷರವಿದೆ. ನಿನ್ನೆ ಸಂಜೆ ನನ್ನ ಕಣ್ಣೆದುರೇ ಒಂದೇ ಏಟಿಗೆ ಬರೆದಳು. ಚುಕ್ಕೆಯನ್ನು ಮಾತ್ರ ಸ್ವಲ್ಪ ಜೋರಾಗಿ ಒತ್ತಿದಳು, ಇದ್ದಿಲು ಮುರಿಯಿತು.

"ಬರೆಯೋಕೆ ಅವರಿಗೆ ನಾಚಿಕೆ ಆಗೋದಾದ್ರೆ ಬಿಡು ತಂಬಿ, ನಾನೇ ಬರೀತೀನಿ," ಎಂದಳು. "ನಲವತ್ತು ವರ್ಷ ಅದನ್ನೇ ಕಿತ್ತಿದೀನಿ, ನನಗೇನು ನಾಚಿಕೆ?"

ಸೋಮವಾರ ಅಹವಾಲು ಕೇಳುವ ದಿನ. ಬೆಳಿಗ್ಗೆ ಹನ್ನೊಂದಕ್ಕೆ ಒಂಬತ್ತು ಹೆಂಗಸರ ಜೊತೆ ಪಳನಾತ್ತಾಳಕ್ಕ ತಮ್ಮ ಮೇಜಿನ ಮುಂದೆ ಬಂದು ನಿಲ್ಲುತ್ತಾಳೆ. ತಾವು ಫೈಲನ್ನು ಅವಳ ಕಡೆ ತಿರುಗಿಸಿ ಇಡಿ. ಪೆನ್ನಿನ ಮುಚ್ಚಳ ತೆಗೆದು ಕೊಡಿ, ಅದನ್ನು ತೆಗೆಯುವುದು ಅವಳಿಗಿನ್ನೂ ಅಭ್ಯಾಸವಾಗಿಲ್ಲ. ಅವಳು ಬರೆಯುವಾಗ ನೋಡಲು ಸಂಕೋಚವೆನಿಸಿದರೆ ತಾವು ಅಷ್ಟು ಹೊತ್ತು ಕಿಟಕಿಯ ಕಡೆ ಮುಖ ಮಾಡಿಕೊಳ್ಳಬಹುದು.

ಇಂತಿ,
ತಮ್ಮ ದಾಖಲೆಯ ಪ್ರಕಾರ ನವಿಲು ಬೇಯಿಸುವವನು,
ಊರಿನ ಪ್ರಕಾರ ಬರೀ ಬೆಸುಗೆಯವನು,
ಕುಳಂದೈವೇಲು
ಕಲ್ಲುಗುಂಡಿ ಬೀದಿ, ಊತ್ತುಪಾರೈ